ಗೋಡೆಯಾಚೆಯ ಮದ್ದಳೆ

ಈ ಸಲ ಬೇಸಿಗೆ ರಜೆಗೆ ಬೀದರಿಗೆ ಬಂದ ಮೂರನೆಯ ದಿನ ಮಾಮಾನ ಜೊತೆ ಚೌಬಾರಾದ ಹತ್ತಿರ ಗಿಡಮೂಲಿಕೆ, ಬಣ್ಣ ಮಾರುವ ಪನಸಾರಿ ಅಂಗಡಿಗೆ ಹೋಗಿದ್ದೆ. ಮಾಮಾ ಎಂದರೆ ಅವ್ವನ ತಮ್ಮ, ಔರಾದಿನ ಸಿದ್ರಾಮಪ್ಪ. ತನ್ನೂರ ಬಯಲಾಟಕ್ಕೆ ಬಣ್ಣದ ಸಾಮಾನು ಒಯ್ಯಲು ಬಂದಿದ್ದ. ಅಂಗಡಿಯವನು ಹಳದಿ ಅರದಾಳದ ಒಂದು ತುಂಡನ್ನು ಕಲ್ಲಿನ ಮೇಲಿಟ್ಟು ಕುಟ್ಟಿ, ಬೆರಳಿನಿಂದ ತೆಗೆದು ತೋರಿಸಿದ.

"ಮಾರಿಗಿ ಹಚ್ಚೋದದರಿ, ಹಳೀದು ಕೊಡಬ್ಯಾಡ್ರಿ," ಎಂದ ಮಾಮಾ.

"ನಿಮ್ಮ ಮಾರಿಗಿ ಹೊಸಾದು ಹಚ್ಚಿದ್ರೂ ಅಷ್ಟೇ ಅದ ಬಿಡ್ರಿ," ಎಂದ ಅಂಗಡಿಯವನು. ಇಬ್ಬರೂ ನಕ್ಕರು.

ನಾನು ನಗಲಿಲ್ಲ. ಅರದಾಳದ ಆ ಗಂಧಕದಂಥ ವಾಸನೆ ಮೂಗಿಗೆ ಬಡಿದಾಗ ನನ್ನ ಬಲಗೈ ತಾನಾಗಿ ಪಕ್ಕದ ಗೋಡೆಯ ಮೇಲೆ ಹೋಗಿತ್ತು. ಕಿವಿ ಏನೋ ಒಂದಕ್ಕೆ ಕಾಯುತ್ತಿತ್ತು. ಅದು ಕಾಯುತ್ತಿದ್ದದ್ದು ಮದ್ದಳೆಯ ಒಂದು ಪೆಟ್ಟನ್ನು ಎಂದು ಅರಿವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಆ ಪೆಟ್ಟನ್ನು ಮೊದಲು ಕೇಳಿದ್ದು ನಾನು ಹೈಸ್ಕೂಲಿನ ಎರಡನೆಯ ವರ್ಷ ಮುಗಿಸಿದ ಬೇಸಿಗೆಯಲ್ಲಿ. ಬೀದರಿನ ಹುಡುಗಿಯರ ಶಾಲೆಯಲ್ಲಿ ಅದರ ಮುಂದೆ ತರಗತಿಯೇ ಇರಲಿಲ್ಲ. ಮೆಟ್ರಿಕ್ ಆಗಬೇಕೆಂದರೆ ಹೈದರಾಬಾದಿಗೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕು. ಆ ವರ್ಷ ನಮ್ಮ ಶಾಲೆಯ ಒಬ್ಬ ಹುಡುಗಿಗೆ ಅಲ್ಲಿ ಜಾಗ ಕೊಡುವುದಾಗಿ ಶಾಲೆಗಳ ತಪಾಸಣೆ ಮಾಡುವ ಇನ್ಸ್‌ಪೆಕ್ಟ್ರೆಸ್ ಬರೆದಿದ್ದರು. ಪರೀಕ್ಷೆಯ ಕಾಗದದಲ್ಲಿ ನಾನೇ ಎಲ್ಲರಿಗಿಂತ ಮುಂದಿದ್ದೆ. ಆದರೆ ಎದ್ದು ನಿಂತು ಉತ್ತರ ಹೇಳು ಎಂದರೆ ನನ್ನ ದನಿ ನನ್ನ ಹಲ್ಲು ದಾಟುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿಯನ್ನು ನಾವು ಬಡೀ ಆಪಾ ಎನ್ನುತ್ತಿದ್ದೆವು. ಅವರು ಒಂದು ದಿನ ನನ್ನನ್ನು ಕರೆದು ಉರ್ದುವಿನಲ್ಲಿ ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ: "ಬೇಟಿ, ನಿನ್ನ ಕಾಗದ ಮಾತಾಡುತ್ತದೆ, ನೀನು ಮಾತಾಡುವುದಿಲ್ಲ. ಇನ್ಸ್‌ಪೆಕ್ಟ್ರೆಸ್ ಸಾಹೇಬರು ಹಾಸ್ಟೆಲಿಗೆ ಕಳಿಸುವುದು ಹುಡುಗಿಯನ್ನು, ಕಾಗದವನ್ನಲ್ಲ."

ಅದಕ್ಕೆ ಆಪಾ ಕಂಡುಕೊಂಡ ಉಪಾಯವೆಂದರೆ ಬೇಸಿಗೆಯ ನಾಟಕದ ಜಮಾತು, ಎಂದರೆ ತರಗತಿ. ಸರ್ಕಾರಿ ಲೆಕ್ಕದ ಖುರ್ದಾದ್, ತೀರ್ ಎರಡು ತಿಂಗಳು, ಎಂದರೆ ಅವ್ವನ ಲೆಕ್ಕದಲ್ಲಿ ಚೈತ್ರ ವೈಶಾಖ, ದಿನಾ ಮುಂಜಾನೆ ಶಾಲೆಯ ಅಂಗಳದಲ್ಲಿ ಅಭಿನಯದ ಪಾಠ. ಕೊನೆಯಲ್ಲಿ ಇನ್ಸ್‌ಪೆಕ್ಟ್ರೆಸ್ಸರ ಎದುರು ಒಂದು ಉರ್ದು ನಾಟಕ. ನೋಡುವವರೂ ಆಡುವವರೂ ಹೆಂಗಸರೇ. ಒಂದು ವಾರಕ್ಕಿಂತ ಹೆಚ್ಚು ತಪ್ಪಿಸಿದವರ ಹೆಸರು ತೆಗೆಯಲಾಗುವುದು ಎಂದು ನೋಟೀಸಿನ ಕೆಳಗೆ ಬರೆದಿತ್ತು.

ಅಪ್ಪ ನೋಟೀಸನ್ನು ಎರಡು ಸಲ ಓದಿದರು. ಅವರು ಬೀದರ ಕಚೇರಿಯ ಮುಂದಿನ ಬೇವಿನ ಮರದಡಿ ಚಾಪೆ ಹಾಸಿ ಕೂತು ಮಂದಿಯ ಅರ್ಜಿ ಬರೆಯುತ್ತಿದ್ದರು. ಯಾವ ಅಧಿಕಾರಿ ಹಾದುಹೋದರೂ ಎದ್ದು ನಿಂತು, ರುಮಾಲು ಸರಿಮಾಡಿಕೊಂಡು, ಕೈ ಹಣೆಗೆ ಮುಟ್ಟಿಸಿ ಮತ್ತೆ ಕೂರುವುದು ಅವರ ದಿನದ ಕೆಲಸದಲ್ಲಿ ಅರ್ಧ. ಮನೆಯಲ್ಲಿ ಕನ್ನಡದ ಅಕ್ಷರ ನನಗೆ ಸ್ಲೇಟಿನ ಮೇಲೆ ಕಲಿಸಿದವರೂ ಅವರೇ.

"ಜಾಗಾ ಸಿಕ್ತಂದ್ರ ಕಳಸ್ತೀನಿ," ಎಂದರು. "ಸಿಗಲಿಲ್ಲಂದ್ರ ಭಾಲ್ಕಿ ಮನಿಯವರಿಗಿ ಹೂಂ ಅನ್ನಬೇಕಾಗ್ತದ, ಮಾದೇವಿ. ಅವರು ಎಷ್ಟ ದಿನಾಂತ ಕಾಯ್ತಾರ?"

ನನ್ನನ್ನು ಸೊಸೆಯಾಗಿ ಕೇಳಿದ್ದ ಭಾಲ್ಕಿಯ ಮನೆಯವರು ತೊಗರಿ ವ್ಯಾಪಾರದವರು. ಒಳ್ಳೆಯ ಜನ. ಅವರ ಮೇಲೆ ನನ್ನದೇನೂ ದೂರಿರಲಿಲ್ಲ. ಆದರೆ ಅಲ್ಲಿಗೆ ಹೋದರೆ ಓದು ಅಲ್ಲಿಗೇ ನಿಲ್ಲುತ್ತದೆ ಎನ್ನುವುದು ಅಪ್ಪನಿಗೂ ನನಗೂ ಗೊತ್ತಿತ್ತು.

ಜಮಾತು ಶುರುವಾಯಿತು. ಶಾಲೆಯ ಅಂಗಳಕ್ಕೆ ಎರಡಾಳೆತ್ತರದ ಕೆಂಪು ಕಲ್ಲಿನ ಗೋಡೆ. ಗೋಡೆಯಾಚೆ ರಸ್ತೆ. ಮೊದಲ ದಿನವೇ ಆಪಾ ಹೇಳಿದ್ದು, "ಇಲ್ಲಿ ಏನಾದರೂ ಆಗಿ, ರಾಜನಾಗಿ, ಫಕೀರನಾಗಿ. ಆವಾಜ್ ಮಾತ್ರ ಗೋಡೆಯೊಳಗೇ ಇರಲಿ." ನನಗೆ ಆ ಎಚ್ಚರಿಕೆ ಬೇಕಾಗಿರಲಿಲ್ಲ. ಮೂರನೆಯ ಜಮಖಾನೆಯ ಮೇಲೆ ಕೂತವರಿಗೇ ನನ್ನ ಮಾತು ಕೇಳುತ್ತಿರಲಿಲ್ಲ. ಐದನೆಯ ದಿನ ಆಪಾ ಏನೂ ಅನ್ನದೆ ನಾಟಕದ ಪುಸ್ತಕ ನನ್ನ ಕೈಗಿಟ್ಟು, ಮಾತು ಮರೆತವರಿಗೆ ನೆನಪು ಮಾಡಿಕೊಡುವ ಕೆಲಸ ಕೊಟ್ಟರು. ಕಂಬದ ಹಿಂದೆ ಕೂರಬಹುದು, ಯಾರೂ ನೋಡುವುದಿಲ್ಲ. ನನಗೆ ದುಃಖವಾಗಲಿಲ್ಲ, ಹಾಯೆನಿಸಿತು. ಈಗ ನೆನೆದರೆ ನಾಚಿಕೆಯಾಗುವುದು ಆ ಹಾಯೆನಿಸಿದ್ದಕ್ಕೇ.

ಅದೇ ವಾರ ಔರಾದಿನಲ್ಲಿ ಮಾಮಾನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಅವ್ವನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಅವಳ ಬದಲು ನಾನು ಹೋಗಿ ಒಂದು ವಾರದೊಳಗೆ ಮರಳುವುದು ಎಂದಾಯಿತು. ಭಾಲ್ಕಿಗೆ ರೈಲು ಆಗಿನ್ನೂ ಹೊಸತು. ಅಪ್ಪ ನನ್ನನ್ನು ಅಲ್ಲಿಯವರೆಗೆ ಕರೆತಂದು, ಕಡಲೆ ಮಾರಲು ಬಂದಿದ್ದ ಮಾಮಾನ ಗಾಡಿ ಹತ್ತಿಸಿದರು. ಐದನೆಯ ದಿನ ಅದೇ ಜಾಗದಲ್ಲಿ ಕಾಯುತ್ತೇನೆ ಎಂದರು.

ದಾರಿಯುದ್ದಕ್ಕೂ ಕಪ್ಪು ಎರೆ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಬೆರಳಲ್ಲ, ಇಡೀ ಕೈ ಹೋಗುವಂಥ ಬಿರುಕು. ಮಾಮಾನಿಗೆ ಆಗ ಮೂವತ್ತರ ಆಸುಪಾಸು, ತುಂಬು ಮೀಸೆ. ಅವನು ಎತ್ತಿನ ಬಾಲ ಮುಟ್ಟುತ್ತಾ, ಸಣ್ಣ ದನಿ ತೆಗೆದು, "ಪ್ರಾಣಕಾಂತಾ, ನನ್ನ ತೊರೆದು ಎತ್ತ ಹೊರಟಿರಿ" ಎಂದು ಅಳತೊಡಗಿದಾಗ ನಾನು ಹೌಹಾರಿದೆ.

"ಹೆದರಬ್ಯಾಡ ಪೋರಿ," ಎಂದ. "ಈ ವರ್ಷ ನಮ್ಮೂರ ಆಟದಾಗ ರಾಣಿ ನಾನೇ. ಭಾತಂಬ್ರಾದ ಲಾಲಸಾಬ ಮಾಸ್ತರರಿಗಿ ಕರಸೀವಿ. ತಾಲೀಮು ನಡದದ."

"ಮೀಸಿ?"

"ಆಟದ ದಿನ ತೆಗೀತೀನಿ. ನಿಮ್ಮ ಅತ್ತಿ ಮುಂದ ಮಾತ್ರ ಈಗೇ ಹೇಳಬ್ಯಾಡ."

ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಆ ಎರಡು ತಿಂಗಳು ಊರ ಗಂಡಸರು ಮಾಸ್ತರರೊಬ್ಬರನ್ನು ಕರೆಸಿ, ಊಟ ವಸತಿ ಕೊಟ್ಟು, ಒಂದು ಆಟ ಕಲಿಯುವುದು ಅಲ್ಲಿಯ ರೂಢಿ. ಅಕ್ಷರ ಬಾರದವರೂ ನೂರಾರು ಸಾಲು ಬಾಯಿಪಾಠ ಮಾಡುತ್ತಾರೆ. ಬೇಸಿಗೆಯ ಅಭಿನಯದ ಶಾಲೆ ಬೀದರಿನಲ್ಲಿ ಆಪಾ ಹೊಸದಾಗಿ ತೆರೆದದ್ದು ಎಂದುಕೊಂಡಿದ್ದೆ. ಔರಾದಿನಲ್ಲಿ ಅದು ಯಾವ ಕಾಲದಿಂದಲೋ ಇತ್ತು.

ತಾಲೀಮು ನಡೆಯುತ್ತಿದ್ದದ್ದು ಆಯಿಯ ಮನೆಯ ಹಿತ್ತಲ ಗೋಡೆಗೆ ತಾಗಿದ ಬಯಲಿನಲ್ಲಿ. ಆಯಿ ಎಂದರೆ ಅವ್ವನ ತಾಯಿ. ಗೋಡೆ ಮಣ್ಣಿನದು, ನನಗಿಂತ ಒಂದು ಗೇಣು ಎತ್ತರ. ಆಚೆ ದೊಡ್ಡ ಬೇವಿನ ಮರ, ಅದರಾಚೆ ಬಾವಿ. ಮಧ್ಯಾಹ್ನದ ನಮಾಜು ಮುಗಿಸಿ ಮಾಸ್ತರರು ಮರದಡಿ ಬಂದರೆ ಹೊತ್ತು ಮುಳುಗುವವರೆಗೆ ಬಿಡುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಪುಸ್ತಕ ಮುಟ್ಟುತ್ತಿರಲಿಲ್ಲ.

ನಾನು ಹೋದ ಮಾರನೆಯ ದಿನ ತಾಲೀಮು ನಿಂತುಹೋಗಿತ್ತು. ಮಾಸ್ತರರ ಚಾಳೀಸು ಒಡೆದಿತ್ತು. ಅದಿಲ್ಲದೆ ಅವರ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. ಹೊಸ ಕನ್ನಡಕ ಹೈದರಾಬಾದಿನಿಂದ ಬರಬೇಕಿತ್ತು. ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು.

"ಬಂಡೆಪ್ಪ ಕುಂತಾನ್ರಿ ಅದರ ಮ್ಯಾಲ. ರಾಕ್ಷಸನ ಪಾತ್ರ ಕೊಟ್ಟಿದ್ದು ನಂದೇ ತಪ್ಪು. ಕುಂಡ್ರೋದೂ ರಾಕ್ಷಸನಂಗೇ ಕುಂಡ್ರತಾನ. ಊರಾಗ ಕನ್ನಡ ಓದೋರು ಒಬ್ಬರರ ಅದಾರೇನ್ರಿ?"

"ಸಾಲಿ ಕಲ್ತವರು ಉರ್ದು ಕಲ್ತಾರ," ಎಂದ ಮಾಮಾ. "ಅಂಗಡಿಯವರು ಮೋಡಿ ಅಕ್ಷರ ಬರೀತಾರ."

ಆಯಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದವಳು ಕೂತಲ್ಲಿಂದಲೇ ಕೂಗಿದಳು: "ನಮ್ ಮಾದೇವಿ ಓದ್ತಾಳ. ಆದ್ರ ಗಂಡಸರ ಮುಂದ ಬರಂಗಿಲ್ಲ!"

ನಾನು ಆಯಿಯ ಕಡೆ ಕೈಮುಗಿದೆ. ಅವಳು ನೋಡಲಿಲ್ಲ.

"ಮುಂದ ಯಾಕ ಬರಬೇಕವ್ವಾ?" ಎಂದರು ಮಾಸ್ತರರು. "ಗ್ವಾಡಿ ಒಳಗೇ ನಿಂತು ಓದ್ಲಿ. ನಮಗ ದನಿ ಬೇಕು, ಮಾರಿ ಅಲ್ಲ."

ಬಟ್ಟೆಯಲ್ಲಿ ಸುತ್ತಿದ ದಪ್ಪ ವಹಿಯೊಂದು ಗೋಡೆಯ ಮೇಲಿಂದ ಇಳಿದುಬಂತು. ಮಾಸ್ತರರು ಸ್ವಂತ ಕೈಯಿಂದ ನಕಲು ಮಾಡಿದ್ದು. ಪುಟದ ಅಂಚಿನಲ್ಲಿ ಹಳದಿ ಬೆರಳಿನ ಗುರುತು, ಬಿಡಿಸಿದೊಡನೆ ಅರದಾಳದ ವಾಸನೆ. ನಾನು ಮೊದಲ ಸಾಲು ಓದಿದೆ. ಆಚೆ ಏನೂ ಸದ್ದಿಲ್ಲ.

"ಓದ್ಲತಾಳೇನು?" ಎಂದರು ಮಾಸ್ತರರು.

"ಓದ್ಲತಾಳ ಅಂತ ಕಾಣಸ್ತದ್ರಿ," ಎಂದ ಮಾಮಾ.

"ಇರಿವಿ ಓದಿದ್ರೂ ಇದಕ್ಕಿಂತ ಜೋರು ಕೇಳಸ್ತದ!" ಇದು ಬಂಡೆಪ್ಪ. ಹದಿನಾಲ್ಕು ಗಂಡಸರು ಒಟ್ಟಿಗೆ ನಕ್ಕರು. ನಾನು ವಹಿ ಮುಚ್ಚಿ ಒಳಗೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಮಾಸ್ತರರು ಬೈದದ್ದು ಕೇಳಿಸಿತು: "ನಗಬ್ಯಾಡ್ರಿ. ನೀವು ಮೊದಲ್ನೇ ದಿನ ಹ್ಯಾಂಗ ಇದ್ರಿ ಅಂತ ಹೇಳ್ಲೇನು? ಬಂಡೆಪ್ಪಾ, ನೀ ಧೋತ್ರ ಒದ್ದಿ ಮಾಡ್ಕೊಳ್ಳೋದೊಂದು ಬಾಕಿ ಇತ್ತು."

ಆಮೇಲೆ ಅವರು ಮಾಡಿದ ಏರ್ಪಾಡು ನನ್ನ ಬದುಕನ್ನೇ ತಿದ್ದಿತು. ಮದ್ದಳೆ ಬಾರಿಸುವ ಮಾಣಿಕಪ್ಪ ಎಂಬ ಮುದುಕನಿದ್ದ. ಅವನಿಗೆ ಅರ್ಧ ಕಿವುಡು. ಅವನನ್ನು ಮಾಸ್ತರರು ಮರದಾಚೆ, ಬಾವಿಯ ಕಟ್ಟೆಯ ಮೇಲೆ ಕೂರಿಸಿದರು. ಆಮೇಲೆ ಗೋಡೆಯ ಹತ್ತಿರ ಬಂದು, "ತಂಗಿ, ಕೇಳು," ಎಂದರು. "ಮಾಣಿಕಪ್ಪಗ ಕೇಳಿಸ್ತಂದ್ರ ಒಂದು ಪೆಟ್ಟು ಹೊಡೀತಾನ. ಪೆಟ್ಟು ಬೀಳಲಿಲ್ಲಂದ್ರ ಮುಟ್ಟಿಲ್ಲಂತ ಅರ್ಥ. ಆಗ ಅದೇ ಸಾಲು ಮತ್ತೊಮ್ಮಿ ಓದು. ಪೆಟ್ಟು ಬೀಳೋತನ ಮುಂದಿನ ಸಾಲಿಗಿ ಹೋಗಬ್ಯಾಡ. ಗಂಟಲಾಗಿಂದ ಬ್ಯಾಡ, ಬಾವಿ ನೀರು ಸೇದಂಗ ಹೊಟ್ಟೀಂದ ಎಳಿ. ಗ್ವಾಡಿಗಿ ಹೇಳಬ್ಯಾಡ. ಗ್ವಾಡಿ ಆಚಿ ಮಂದಿಗಿ ಹೇಳು."

ಅಂದು ಒಂದೂ ಪೆಟ್ಟು ಬೀಳಲಿಲ್ಲ. ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಗೋಡೆಯ ಹತ್ತಿರದವರು ಅದನ್ನು ಕಲಿತು ಮುಗಿಸಿದ್ದರು, ಮಾಣಿಕಪ್ಪ ಮಾತ್ರ ಸುಮ್ಮನಿದ್ದ. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ಮಧ್ಯಾಹ್ನ, ಬಿಸಿಲಿಗೆ ಕಾದ ಗೋಡೆಯ ಮೇಲೆ ಬಲಗೈ ಊರಿ, ಸಿಟ್ಟಿನಿಂದಲೋ ದಣಿವಿನಿಂದಲೋ ನಾನು ಆ ಸಾಲನ್ನು ಹೊರಗೆ ಎಸೆದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಾವಿಯ ಕಡೆಯಿಂದ ಒಂದೇ ಒಂದು ಪೆಟ್ಟು.

ಆಚೆ ಹದಿನಾಲ್ಕು ಜನ ಹೋ ಎಂದು ಕೂಗಿದರು. ಈಚೆ ನಾನು ಒಬ್ಬಳೇ. ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ ಎನ್ನುವುದು ಅಂದು ದೊಡ್ಡ ಉಪಕಾರವಾಯಿತು.

ಆ ಸಂಜೆ ಮಾಸ್ತರರು ಗೋಡೆಯ ಮೇಲಿಂದ ಎರಡೂ ಕೈಯಲ್ಲಿ ಎಲೆ ಅಡಿಕೆ ನೀಡಿದರು. ನಾನು ತೆಗೆದುಕೊಂಡೆ. ಬಂದವರಿಗೆ ಕೊಡುವ ಎಲೆ ಅಡಿಕೆ ಎಂದುಕೊಂಡೆ. ಆಯಿ ಬಂದು ನೋಡಿದವಳು ಮೊರ ಕೆಳಗಿಟ್ಟಳು.

"ಅದು ವೀಳ್ಯ! ತಾಲೀಮಿನ ವೀಳ್ಯ ಹಿಡದಿಯಲ್ಲ ಪೋರಿ. ಇನ್ನ ಆಟ ಆಗಿ ಮಂಗಳ ಹಾಡೋತನ ಬಿಟ್ಟು ಹೋಗಂಗಿಲ್ಲ. ಗೊತ್ತದ ಇಲ್ಲ ನಿನಗ?"

ಗೊತ್ತಿರಲಿಲ್ಲ ಎಂದೆ. ಈಗ ಬರೆಯುವಾಗ ಅಷ್ಟು ಖಾತ್ರಿಯಿಂದ ಹೇಳಲಾರೆ. ಎರಡು ದಿನದ ಹಿಂದೆ ಬಂಡೆಪ್ಪ ಮಾಮಾನಿಗೆ "ವೀಳ್ಯ ಹಿಡದು ಈಗ ಮೀಸಿ ಬಗ್ಗೆ ಚಿಂತಿ ಮಾಡಿದ್ರ ಹ್ಯಾಂಗ?" ಎಂದು ಛೇಡಿಸಿದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದೆ.

ಐದನೆಯ ದಿನ ಮಾಮಾ ಗಾಡಿ ಕಟ್ಟಿ ನನ್ನನ್ನು ಭಾಲ್ಕಿಗೆ ಕರೆತಂದ. ದಾರಿಯಲ್ಲಿ ಅವನು ಅಳಲೂ ಇಲ್ಲ, ಹಾಡಲೂ ಇಲ್ಲ. ಎರಡು ಕಡೆಯೂ ಅಭಿನಯವೇ. ಒಂದು ಕಡೆ ಹೈದರಾಬಾದಿನ ಬಾಗಿಲು, ಇನ್ನೊಂದು ಕಡೆ ಒಬ್ಬ ಅರ್ಧಕಿವುಡ ಮುದುಕ. ಯಾರನ್ನು ಕೇಳಿದರೂ ಯಾವುದನ್ನು ಆರಿಸಬೇಕೆಂದು ಹೇಳಿಬಿಡುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ.

ಸ್ಟೇಷನ್ನಿನ ಎದುರು, ಕಾಳಿನ ಚೀಲಗಳ ಸಾಲಿನ ಪಕ್ಕದಲ್ಲಿ ಅಪ್ಪ ತಮ್ಮ ಲೇಖನಿಯ ಪೆಟ್ಟಿಗೆಯ ಮೇಲೆ ಕೂತಿದ್ದರು. ನಮ್ಮಿಬ್ಬರ ಟಿಕೆಟು ಆಗಲೇ ಅವರ ಕೈಯಲ್ಲಿತ್ತು.

"ಅಪ್ಪಾ, ನಾ ಬರಂಗಿಲ್ಲ," ಎಂದೆ.

ಗದ್ದಲದಲ್ಲಿ ಅವರಿಗೆ ಕೇಳಲಿಲ್ಲ. ಕೇಳದಿದ್ದರೆ ಮತ್ತೊಮ್ಮೆ. ನಾನು ಹೊಟ್ಟೆಯಿಂದ ಎಳೆದು ಹೇಳಿದೆ. ಅಪ್ಪನಷ್ಟೇ ಅಲ್ಲ, ತೊಗರಿ ಅಳೆಯುತ್ತಿದ್ದ ಹೆಂಗಸರು ಕೂಡ ತಿರುಗಿದರು.

ಅಪ್ಪ ಎದ್ದು ನನ್ನನ್ನು ಹತ್ತಿರದ ಒಂದು ಮರದ ಕಡೆಗೆ ಕರೆದುಕೊಂಡು ಹೋದರು. "ಯಾಕ?"

"ವೀಳ್ಯ ಹಿಡದೀನಿ."

"ಹಿಡಿಯೋ ಮುಂದ ಅದೇನಂತ ಗೊತ್ತಿತ್ತೇನು?"

"ಅರ್ಧ ಗೊತ್ತಿತ್ತು."

ಅವರ ಮುಖದಲ್ಲಿ ಸಿಟ್ಟು ಬಂದು ಹೋದದ್ದು ಕಂಡೆ. "ಹೈದರಾಬಾದ ಕೈ ಬಿಟ್ಟು ಹೋಗ್ತದ, ಮಾದೇವಿ. ಆಮ್ಯಾಲ ನನಗ ಕೇಳಬ್ಯಾಡ."

"ಅಲ್ಲಿ ಕಂಬದ ಹಿಂದ ಪುಸ್ತಕ ಹಿಡಕೊಂಡು ಕುಂತೀನಿ ಅಪ್ಪಾ. ಹಂಗ ಕುಂತ್ರೂ ಕೈ ಬಿಟ್ಟು ಹೋಗ್ತದ. ಇಲ್ಲಿ ಮಾಣಿಕಪ್ಪಗ ಕೇಳಸ್ಲತದ."

ಮಾಣಿಕಪ್ಪ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮಾಮಾನ ಮುಖ ನೋಡಿದರು. ಮಾಮಾ, "ಅಂವ ಕಿವುಡ ಅದಾನ್ರಿ ಭಾವಾ," ಎಂದ, ಅದೇ ಎಲ್ಲವನ್ನೂ ತಿಳಿಸಿಹೇಳುವ ಮಾತೆಂಬಂತೆ.

ಅಪ್ಪ ಪೆಟ್ಟಿಗೆ ತೆರೆದು ಒಂದು ಹಾಳೆ, ದೌತಿ, ಲೇಖನಿ ಹೊರಗಿಟ್ಟರು. "ನಿನ್ನ ಅರ್ಜಿ ನೀನೇ ಬರಿ," ಎಂದರು. ಆಪಾಗೆ ನಾನು ಉರ್ದುವಿನಲ್ಲಿ ಬರೆದೆ, ಏನು ನಡೆಯಿತೋ ಅಷ್ಟನ್ನು. ಅಪ್ಪ ಓದಿ ಒಂದೇ ಒಂದು ಸಾಲು ಹೊಡೆದುಹಾಕಿದರು. "ಮಾಫಿ ಒಂದ್ಸಲ ಕೇಳಿದ್ರ ಸಾಕು." ಆಮೇಲೆ ಎರಡು ಟಿಕೆಟು ಹಿಡಿದುಕೊಂಡು ಒಬ್ಬರೇ ರೈಲು ಹತ್ತಿದರು. ಕಿಟಕಿಯಿಂದ, "ಭಾಲ್ಕಿ ಮನಿಯವರಿಗಿ ಇನ್ನೊಂದ್ ಸ್ವಲ್ಪ ತಡೀರಿ ಅಂತ ಹೇಳ್ತೀನಿ," ಎಂದರು. ಅದನ್ನು ಅವರು ಇಷ್ಟಪಟ್ಟು ಹೇಳಲಿಲ್ಲ. ಆದರೂ ಹೇಳಿದರು.

ಉಳಿದ ವಾರಗಳು ಗೋಡೆಯ ಈಚೆ ಕಳೆದವು. ಬೆಳಿಗ್ಗೆ ಆಯಿಯ ಜೊತೆ ರೊಟ್ಟಿ, ನೀರು, ತೊಟ್ಟಿಲು. ಮಧ್ಯಾಹ್ನ ವಹಿ. ಬಿಸಿಗಾಳಿಗೆ ಪುಟ ಹಾರದಂತೆ ಎಡಗೈ ಪುಟದ ಮೇಲೆ, ಬಲಗೈ ಗೋಡೆಯ ಮೇಲೆ. ಹದಿನಾಲ್ಕು ಗಂಡಸರನ್ನು ನಾನು ಮುಖ ನೋಡದೆ ಗುರುತಿಸುತ್ತಿದ್ದೆ. ಯಾರ ಬಾಯಲ್ಲಿ ತಂಬಾಕಿದೆ, ಯಾರಿಗೆ ನೆಗಡಿ, ಯಾರು ಹೆಂಡತಿಯ ಜೊತೆ ಜಗಳ ಮಾಡಿ ಬಂದಿದ್ದಾನೆ, ಎಲ್ಲ ದನಿಯಲ್ಲೇ ತಿಳಿಯುತ್ತಿತ್ತು. ಬಂಡೆಪ್ಪನೇ ಎಲ್ಲರಿಗಿಂತ ಬೇಗ ಕಲಿಯುವವನು. ಒಂದು ದಿನ ನಾನು ಸಾಲು ತಪ್ಪಿಸಿ ಓದಿದಾಗ, "ತಂಗೆವ್ವಾ, ಒಂದ್ ಸಾಲು ಜಿಗದ್ರಿ ನೋಡ್ರಿ," ಎಂದು ಮೆಲ್ಲಗೆ ತಿದ್ದಿದ. ಇರುವೆಯ ಮಾತು ಮತ್ತೆ ಅವನು ಎತ್ತಲಿಲ್ಲ.

ಮಾಸ್ತರರು ಮಾಣಿಕಪ್ಪನನ್ನು ವಾರಕ್ಕೊಮ್ಮೆ ಇನ್ನಷ್ಟು ದೂರ ಕೂರಿಸುತ್ತಿದ್ದರು. ಬಾವಿಯಾಚೆ, ಆಮೇಲೆ ಬಣವೆಯ ಹತ್ತಿರ. ಪೆಟ್ಟು ಬರುವುದು ತಡವಾದಾಗ ನಾನು ಕಾಯುವುದನ್ನು ಕಲಿತೆ. ಗಾಬರಿಯಾಗದೆ ಮತ್ತೊಮ್ಮೆ ಹೇಳುವುದನ್ನು ಕಲಿತೆ.

ಮಾ‌ಮಾ ಹಿತ್ತಲಲ್ಲಿ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ರಾಣಿಯ ನಡಿಗೆ ಕಲಿಯುತ್ತಿದ್ದ. ಅತ್ತೆ ನೀರು ತರುವಾಗ ಅವಳ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದು ನೋಡಿಕೊಳ್ಳುತ್ತಿದ್ದ. ಆಟದ ದಿನ ರಾಣಿ ರಂಗಕ್ಕೆ ಬಂದಾಗ ಇಡೀ ಊರು ಅತ್ತೆಯ ಕಡೆ ತಿರುಗಿ ನಕ್ಕಿತು. ನಡಿಗೆ ಅವಳದೇ. ಮೀಸೆ ಹೋದದ್ದಕ್ಕೆ ಏನೂ ಅನ್ನದ ಅತ್ತೆ ಇದಕ್ಕಾಗಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಆ ಹೊತ್ತಿಗೆ ಎಲ್ಲರಿಗೂ ಮಾತು ಬಾಯಿಗೆ ಬಂದಿದ್ದರಿಂದ ಆಟದ ದಿನ ನನಗೆ ಕೆಲಸವಿರಲಿಲ್ಲ. ಮಾಳಿಗೆಯ ಮೇಲೆ ಹೆಂಗಸರ ನಡುವೆ ಕೂತು ನೋಡಿದೆ. ಬೆಳಕು ಹರಿದು ಮಂಗಳ ಹಾಡುವಾಗ ಮಾಸ್ತರರು ಹಿಮ್ಮೇಳವನ್ನು ನಿಲ್ಲಿಸಿ, ಮಾಣಿಕಪ್ಪನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಅವನು ಮನೆಯ ಕಡೆ ತಿರುಗಿ ಒಂದೇ ಒಂದು ಪೆಟ್ಟು ಹೊಡೆದ. "ಇದು ಗ್ವಾಡಿ ಒಳಗಿನವರಿಗಿ," ಎಂದರು ಮಾಸ್ತರರು. ಅವರನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಗಿಡ್ಡ ಮನುಷ್ಯ, ಬಿಳಿ ಗಡ್ಡದಲ್ಲಿ ಹಳದಿ ಬಣ್ಣ ಮೆತ್ತಿತ್ತು.

ಬೀದರಿಗೆ ಮರಳಿದ್ದು ಶಾಲೆಯ ನಾಟಕಕ್ಕೆ ಎರಡು ದಿನ ಇರುವಾಗ. ನೋಟೀಸಿನಂತೆ ನನ್ನ ಹೆಸರು ಹೋಗಿತ್ತು. ಪುಸ್ತಕ ಹಿಡಿಯುವ ಕೆಲಸವೂ ಬೇರೆಯವಳದಾಗಿತ್ತು. ಆಪಾ ನನ್ನ ಅರ್ಜಿಯನ್ನು ಮೇಜಿನ ಖಾನೆಯಿಂದ ತೆಗೆದು ನೋಡಿ, "ಸುಳ್ಳಿಲ್ಲದ ಅರ್ಜಿ ನಾನು ಹೆಚ್ಚು ಕಂಡಿಲ್ಲ," ಎಂದರು. "ಒಂದು ಪಾತ್ರ ಉಳಿದಿದೆ. ಯಾವ ಹುಡುಗಿಗೂ ಬೇಡವಾದದ್ದು. ಚೋಬದಾರ."

ಚೋಬದಾರ ಎಂದರೆ ರಾಜ ಬರುವ ಮುನ್ನ ಬೆಳ್ಳಿಯ ಕೋಲು ಹಿಡಿದು, ಎಚ್ಚರ, ಗೌರವದಿಂದ ನಿಲ್ಲಿರಿ ಎಂದು ಕೂಗುವವನು. ಮೂಲೆಯಲ್ಲಿ ನಿಲ್ಲಬೇಕು, ಒಂದೇ ಒಂದು ಸಾಲು. ಅದನ್ನೂ ಅಭ್ಯಾಸ ಮಾಡಿಸಲು ಯಾರಿಗೂ ಪುರಸೊತ್ತಿರಲಿಲ್ಲ. ನಿಲ್ಲುವ ಜಾಗ ತೋರಿಸಿ, "ನಾನು ಕೈ ಎತ್ತಿದಾಗ ಹೇಳು," ಎಂದರು ಆಪಾ, ಅಷ್ಟೇ.

ನಾಟಕ ಅಸರಿನ ಹೊತ್ತಿಗೆ, ಎಂದರೆ ಇಳಿಹೊತ್ತಿಗೆ. ಅಂಗಳ ತುಂಬಾ ಹೆಂಗಸರು. ಮುಂದಿನ ಕುರ್ಚಿಯಲ್ಲಿ ಇನ್ಸ್‌ಪೆಕ್ಟ್ರೆಸ್. ಜಿಲ್ಲೆಯ ದೊಡ್ಡ ಅಧಿಕಾರಿ ತಾಲೂಕದಾರ ಸಾಹೇಬರ ಬೇಗಂ ಕೂಡ ಬರಬಹುದೆಂದು ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಗೋಡೆಯಾಚೆ ರಸ್ತೆಯಲ್ಲಿ ಹುಡುಗಿಯರನ್ನು ಕರೆದೊಯ್ಯಲು ಬಂದ ಅಪ್ಪಂದಿರು, ಟಾಂಗಾದವರು, ಬೇಗಂ ಬಂದಾರೆಂದು ಕಾವಲಿಗೆ ನಿಂತ ಪೊಲೀಸಿನವನು. ಇವೆಲ್ಲ ನನಗೆ ಆಮೇಲೆ ತಿಳಿದದ್ದು.

ಆಪಾ ಕೈ ಎತ್ತಿದರು.

"ಬಾ ಅದಬ್, ಬಾ ಮುಲಾಹಿಜಾ, ಹೋಶಿಯಾರ್!"

ದನಿ ಬಂತು. ಗಂಟಲಿನಿಂದಲ್ಲ. ಹೇಳಿ ಮುಗಿಸಿ ಕಾದೆ. ಅಂಗಳ ಸ್ತಬ್ಧವಾಗಿತ್ತು. ಪೆಟ್ಟು ಬೀಳಲಿಲ್ಲ. ಪೆಟ್ಟು ಹೊಡೆಯುವ ಮಾಣಿಕಪ್ಪ ಅಲ್ಲಿರಲಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಆದರೆ ಅಷ್ಟು ವಾರಗಳ ರೂಢಿ ಬುದ್ಧಿಗಿಂತ ಮುಂದೆ ಓಡಿತು. ಪೆಟ್ಟಿಲ್ಲ ಎಂದರೆ ಮುಟ್ಟಿಲ್ಲ. ಮುಟ್ಟಿಲ್ಲ ಎಂದರೆ ಮತ್ತೊಮ್ಮೆ. ನಾನು ಪಕ್ಕದ ಕೆಂಪು ಗೋಡೆಯ ಮೇಲೆ ಕೈ ಊರಿ, ಬಣವೆಯ ಹತ್ತಿರ ಕೂತ ಮಾಣಿಕಪ್ಪನಿಗೆ ಕೇಳುವಂತೆ ಮತ್ತೊಮ್ಮೆ ಕೂಗಿದೆ.

ಅಂಗಳದ ಹುಣಸೆ ಮರದ ಪಾರಿವಾಳಗಳು ಎದ್ದುಹೋದವು. ಗೋಡೆಯಾಚೆ ಏಕಕಾಲಕ್ಕೆ ಬೂಟು ನೆಲಕ್ಕೆ ಉಜ್ಜಿದ ಸದ್ದು, ಕುದುರೆಗಳ ಗೆಜ್ಜೆ, ಪೊಲೀಸಿನವನ ಹಿಮ್ಮಡಿ ಕೂಡಿದ ಸದ್ದು. ಅಂಗಳದಲ್ಲಿ ಹಲವು ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ಬಾಗಿಲ ಕಡೆ ನೋಡಿದರು. ರಾಜನ ವೇಷದ ಹುಡುಗಿ ಬರುವುದನ್ನೇ ಮರೆತಳು. ಬಾಗಿಲ ಹೊರಗಿಂದ ಚೌಕಿದಾರ, "ಬೇಗಂ ಸಾಹೇಬರ ಸವಾರಿ ಎಲ್ಲಿ? ನನಗೆ ಕಾಣುತ್ತಿಲ್ಲವಲ್ಲ!" ಎಂದು ಗಾಬರಿಯಿಂದ ಕೂಗುತ್ತಿದ್ದ.

ಆಪಾರ ಕೈ ಇನ್ನೂ ಮೇಲೇ ಇತ್ತು. ಆವಾಜ್ ಗೋಡೆಯೊಳಗೇ ಇರಲಿ ಎಂದಿದ್ದರು. ನನಗೆ ನೆನಪಾದದ್ದು ಆಗ. ಹೈದರಾಬಾದು ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಇನ್ಸ್‌ಪೆಕ್ಟ್ರೆಸ್ ನಗತೊಡಗಿದರು. ಬಾಯಿಗೆ ಕರವಸ್ತ್ರ ಹಿಡಿದರೂ ನಿಲ್ಲಲಿಲ್ಲ.

ನಾಟಕ ಮುಗಿದ ಮೇಲೆ ಅವರು ನನ್ನನ್ನು ಕರೆಸಿದರು. ಆಪಾ ಪಕ್ಕದಲ್ಲಿ ಬಿಳುಚಿಕೊಂಡು ನಿಂತಿದ್ದರು. ಇನ್ಸ್‌ಪೆಕ್ಟ್ರೆಸ್ ಒಂದು ಪುಸ್ತಕ ಕೊಟ್ಟು, "ಓದು," ಎಂದರು. "ನನಗೆ ಮಾತ್ರ ಕೇಳಬೇಕು. ನಿನ್ನ ಆಪಾಗೂ ಕೇಳಬಾರದು." ನಾನು ಓದಿದೆ. ಅವರು ಆಪಾರ ಕಡೆ ತಿರುಗಿ, "ಏನು ಓದಿದಳು?" ಎಂದು ಕೇಳಿದರು. ಆಪಾ ತಲೆಯಾಡಿಸಿದರು, ಕೇಳಲಿಲ್ಲವೆಂದು. "ಎಲ್ಲಿಯವರೆಗೆ ಮುಟ್ಟಬೇಕೋ ಅಲ್ಲಿಯವರೆಗೆ ಮುಟ್ಟಿಸುತ್ತಾಳೆ," ಎಂದರು ಇನ್ಸ್‌ಪೆಕ್ಟ್ರೆಸ್. "ಇದನ್ನು ಇವಳಿಗೆ ಕಲಿಸಿದವರು ಯಾರು?"

ನಾನು ಉತ್ತರ ಹೇಳುವ ಮೊದಲೇ ಆಪಾ ಹೇಳಿದರು: "ನಾನಲ್ಲ." ಆ ಒಂದು ಮಾತಿಗಾಗಿ ಬಡೀ ಆಪಾಗೆ ನಾನು ಇಂದಿಗೂ ಋಣಿ.

ಹಾಸ್ಟೆಲಿನ ಕಾಗದ ಮಳೆ ಹಿಡಿದ ಮೇಲೆ ಬಂತು. ಮೆಟ್ರಿಕ್ ಆಯಿತು, ಕಾಲೇಜಾಯಿತು, ಬಿ.ಎ. ಆಯಿತು. ಭಾಲ್ಕಿಯ ಮನೆಯವರು ಬೇರೆ ಹುಡುಗಿಯನ್ನು ತಂದುಕೊಂಡರು. ನಾನು ಈಗ ಪಾಠ ಹೇಳುವ ಹೈದರಾಬಾದಿನ ಶಾಲೆಯ ಕೊನೆಯ ಬೆಂಚಿನ ಹುಡುಗಿಯರಿಗೆ ನನ್ನ ಮಾತು ಕೇಳುತ್ತದೆ. ಲಾಲಸಾಬ ಮಾಸ್ತರರು ಎರಡು ವರ್ಷದ ಹಿಂದೆ ಭಾತಂಬ್ರಾದಲ್ಲಿ ತೀರಿಕೊಂಡರೆಂದು ಅಂಗಡಿಯ ಮುಂದೆ ಮಾಮಾ ಹೇಳಿದ. ಮಾಣಿಕಪ್ಪ ಇದ್ದಾನೆ. ಈಗ ಪೂರ್ತಿ ಕಿವುಡ.

ನಾಟಕದ ಆ ಸಂಜೆಯ ಒಂದು ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಶಾಲೆಯಿಂದ ಮೈಲೂರಿನ ಮನೆಗೆ ಅಪ್ಪ ಮತ್ತು ನಾನು ನಡೆದು ಬರುತ್ತಿದ್ದೆವು. ಅಪ್ಪ ಎಂದೂ ಇಲ್ಲದಂತೆ ನಗುತ್ತಾ, ಗೋಡೆಯಾಚೆ ಏನಾಯಿತೆಂದು ಹೇಳುತ್ತಿದ್ದರು. ಟಾಂಗಾದವರು ಕೆಳಗೆ ಹಾರಿದ್ದು, ಬೀಡಿ ಎಸೆದದ್ದು, ಪೊಲೀಸಿನವನು ಬರೀ ಗೋಡೆಗೆ ಸಲಾಮು ಹೊಡೆದದ್ದು.

"ಮತ್ ನೀನು?" ಎಂದೆ.

"ನಾನೂ ಎದ್ದು ನಿಂತೆ. ರುಮಾಲ ಸರಿ ಮಾಡ್ಕೊಂಡೆ. ರೂಢಿ ಅದಲ್ಲ."

"ನನ್ನ ದನಿ ಅಂತ ಗೊತ್ತಾಗಲಿಲ್ಲೇನು ಅಪ್ಪಾ?"

"ಮೊದಲ್ನೇ ಸಲ ಗೊತ್ತಾಗಲಿಲ್ಲ. ಎರಡನೇ ಸಲ ಕೂಗಿದೆಲ್ಲ, ಆಗ ಗೊತ್ತಾಯ್ತು."

"ಆಮ್ಯಾಲ?"

"ಆಮ್ಯಾಲೇನು, ಸವಾರಿ ಗಿವಾರಿ ಏನೂ ಇಲ್ಲಂತ ಎಲ್ಲಾರೂ ಕುಂತ್ರು," ಎಂದರು ಅಪ್ಪ. "ನಾ ನಿಂತೇ ಇದ್ದೆ."